ಕೀಲುನೋವಿನ ಪ್ಯಾಕೇಜ್: ಲ್ಯಾಬ್ ಒಳ್ಳೆಯದು, ಪಟ್ಟಿ ಸರಿಯಿಲ್ಲ

ಹಲವು ಊರುಗಳಲ್ಲಿ ಶಾಖೆಗಳಿರುವ ಖಾಸಗಿ ಲ್ಯಾಬೊಂದು ಮೈಸೂರಿನಲ್ಲಿ ಕೀಲುನೋವಿನ ತಪಾಸಣೆಗೆಂದು ಮಾರುತ್ತಿರುವ ರಕ್ತಪರೀಕ್ಷೆಗಳ ಪ್ಯಾಕೇಜನ್ನು ಕುರಿತು ಈ ವಿಮರ್ಶೆ. ಲ್ಯಾಬಿನ ಹೆಸರನ್ನು ಬರೆಯುವುದಿಲ್ಲ. ಇದೇ ಬಗೆಯ ಪಟ್ಟಿಯನ್ನು ಹೆಚ್ಚುಕಡಿಮೆ ಇದೇ ಬೆಲೆಗೆ ಬೇರೆಯವರೂ ಮಾರುತ್ತಿರುವುದರಿಂದ ದೂರು ಒಬ್ಬರ ಮೇಲಿನದಲ್ಲ. ಪ್ಯಾಕೇಜನ್ನು ಕೊಂಡವನು ನನ್ನ ಸೋದರಳಿಯ. ಇಪ್ಪತ್ತಮೂರರ ಹರೆಯದವನು, ಓದು ಮುಗಿಸಿ ಈಚೆಗಷ್ಟೇ ಕೆಲಸಕ್ಕೆ ಸೇರಿದವನು. ಗಂಟಲು ನೋವು ಮತ್ತು ಜ್ವರ ಬಂದು ಹೋದ ಮೇಲೆ ವಾರ ಕಳೆಯುವಷ್ಟರಲ್ಲಿ ಅವನ ಬಲ ಮಂಡಿ ಊದಿಕೊಂಡಿತು, ಅದರ ಹಿಂದೆಯೇ ಎರಡೂ ಪಾದಗಳ ಕೀಲುಗಳಲ್ಲಿ ನೋವು ಕಾಣಿಸಿಕೊಂಡಿತು, ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿಯಬೇಕಾದ ಸ್ಥಿತಿ ಬಂತು. ವೈದ್ಯರ ಬಳಿ ಹೋಗುವ ಮೊದಲೇ ಅವನು ಮೊಬೈಲಿನಲ್ಲಿ ಪ್ಯಾಕೇಜನ್ನು ಕಾಯ್ದಿರಿಸಿದ್ದ. ನಾನು ಸರ್ಕಾರಿ ಆಸ್ಪತ್ರೆಯ ಲ್ಯಾಬಿನಲ್ಲಿ ತಂತ್ರಜ್ಞನಾಗಿ ದುಡಿದು ನಿವೃತ್ತನಾದವನಾದ್ದರಿಂದ, ರಕ್ತ ತೆಗೆಯುವ ಹೊತ್ತಿಗೆ ಪಕ್ಕದಲ್ಲಿ ಕುಳಿತಿದ್ದೆ, ವರದಿಯನ್ನೂ ಸಾಲುಸಾಲಾಗಿ ನೋಡಿದೆ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ, ಏಕೆಂದರೆ ಅದು ಕಡಿಮೆಯೇನಿಲ್ಲ. ಮನೆಗೆ ಬಂದ ಹುಡುಗಿ ಹೇಳಿದ ಸಮಯಕ್ಕೆ ಸರಿಯಾಗಿ ಬಂದಳು. "ನಿಮ್ಮ ಹೆಸರು ಇದೇ ತಾನೇ" ಎಂದು ಕೇಳುವ ಬದಲು, ಹೆಸರನ್ನೂ ವಯಸ್ಸನ್ನೂ ಅವನ ಬಾಯಿಂದಲೇ ಹೇಳಿಸಿ ಚೀಟಿಯೊಂದಿಗೆ ತಾಳೆ ನೋಡಿದಳು. ಇದು ಸಣ್ಣ ವಿಷಯವೆಂದು ಕಾಣಬಹುದು, ಆದರೆ ಒಬ್ಬರ ರಕ್ತಕ್ಕೆ ಇನ್ನೊಬ್ಬರ ಹೆಸರು ಅಂಟುವ ಅವಾಂತರಗಳೆಲ್ಲ ಇಲ್ಲಿಂದಲೇ ಶುರುವಾಗುತ್ತವೆ. ತೋಳಿಗೆ ಕಟ್ಟಿದ ಪಟ್ಟಿಯನ್ನು ರಕ್ತ ಹರಿಯತೊಡಗಿದ ಕೂಡಲೇ ಸಡಿಲಿಸಿದಳು. ಸೀರಂಗೆ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿಗೆ) ಬೇಕಾದ ಹಳದಿ ಮುಚ್ಚಳದ ನಳಿಕೆಯನ್ನು ಮೊದಲು ತುಂಬಿಸಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಇರುವ ನೇರಳೆ ಮುಚ್ಚಳದ್ದನ್ನು ಆಮೇಲೆ ತುಂಬಿಸಿದಳು. ಆ ಎರಡನೆಯದನ್ನು ಕುಲುಕದೆ, ಮೆಲ್ಲಗೆ ತಲೆಕೆಳಗು ಮಾಡಿ ಬೆರೆಸಿದಳು. ಕ್ರಮ ಅದಲುಬದಲಾದರೆ ಇಡಿಟಿಎ ಸೀರಂ ನಳಿಕೆಗೆ ಸೇರಿ ಕ್ಯಾಲ್ಸಿಯಂ ಸುಳ್ಳಾಗಿ ಕಡಿಮೆ ಬರುತ್ತದೆ, ಮತ್ತು ಈ ಪ್ಯಾಕೇಜಿನಲ್ಲಿ ಕ್ಯಾಲ್ಸಿಯಂ ಇದೆ. ಲೇಬಲ್ ಅಂಟಿಸಿದ್ದೂ ನಮ್ಮೆದುರಿಗೇ. ಸೂಜಿಯನ್ನು ಡಬ್ಬಿಗೆ ಹಾಕಿ, ನಳಿಕೆಗಳನ್ನು ತಂಪು ಪೆಟ್ಟಿಗೆಯಲ್ಲಿಟ್ಟು ಹೊರಟಳು. ಇಷ್ಟು ಅಚ್ಚುಕಟ್ಟಾಗಿ ರಕ್ತ ತೆಗೆಯುವವರನ್ನು ದೊಡ್ಡ ಆಸ್ಪತ್ರೆಗಳಲ್ಲಿಯೂ ಯಾವಾಗಲೂ ಕಾಣುವುದಿಲ್ಲ.

ವರದಿ ಮರುದಿನ ಬೆಳಿಗ್ಗೆ ಬಂತು. ಪ್ರತಿ ಪರೀಕ್ಷೆಯ ಎದುರಿಗೆ ಅದನ್ನು ಮಾಡಿದ ವಿಧಾನವನ್ನು ಮುದ್ರಿಸಿದ್ದರು, ಯಾವುದು ಲ್ಯಾಬುಗಳ ಗುಣಮಟ್ಟ ನೋಡುವ ಎನ್‌ಎಬಿಎಲ್ ಸಂಸ್ಥೆಯ ಮಾನ್ಯತೆಯ ವ್ಯಾಪ್ತಿಯಲ್ಲಿದೆ ಯಾವುದು ಇಲ್ಲ ಎಂಬುದನ್ನು ನಕ್ಷತ್ರ ಚಿಹ್ನೆಯಿಂದ ಸೂಚಿಸಿದ್ದರು, ಸಹಿ ಮಾಡಿದ ವೈದ್ಯರ ನೋಂದಣಿ ಸಂಖ್ಯೆಯೂ ಇತ್ತು. ವಿಧಾನ ಮುದ್ರಿಸುವುದರ ಬೆಲೆ ಏನೆಂಬುದು ಮುಂದೆ ತಿಳಿಯುತ್ತದೆ. ಒಂದೇ ಕೊಂಕು ಎಂದರೆ ಹನ್ನೆರಡು ಗಂಟೆ ಉಪವಾಸವಿರಬೇಕೆಂದು ಹಿಂದಿನ ಸಂಜೆ ಬಂದ ಸಂದೇಶ. ಈ ಪಟ್ಟಿಯಲ್ಲಿರುವ ಯಾವ ಪರೀಕ್ಷೆಗೂ ಅಷ್ಟು ಹೊತ್ತಿನ ಉಪವಾಸ ಅನಿವಾರ್ಯವಲ್ಲ. ಎಲ್ಲ ಪ್ಯಾಕೇಜುಗಳಿಗೂ ಒಂದೇ ಸಂದೇಶ ಕಳಿಸುತ್ತಾರೆಂದು ತೋರುತ್ತದೆ.

ಇನ್ನು ಪಟ್ಟಿ. ಇಎಸ್‌ಆರ್ ಮತ್ತು ಸಿಆರ್‌ಪಿ (ಎರಡೂ ಉರಿಯೂತದ ಅಳತೆಗಳು), ಆರ್‌ಎ ಫ್ಯಾಕ್ಟರ್ (ರುಮಟಾಯ್ಡ್ ಸಂಧಿವಾತಕ್ಕೆ), ಎಎಸ್‌ಒ (ಗಂಟಲಿನ ಸೋಂಕಿನ ಗುರುತು), ಎಎನ್‌ಎ (ದೇಹ ತನ್ನದೇ ಜೀವಕೋಶಗಳ ವಿರುದ್ಧ ಕಟ್ಟುವ ಪ್ರತಿಕಾಯಗಳು), ಯೂರಿಕ್ ಆಸಿಡ್, ಕ್ಯಾಲ್ಸಿಯಂ, ವಿಟಮಿನ್ ಡಿ. ನೋಡುವುದಕ್ಕೆ ತುಂಬಿದ ತಟ್ಟೆ. ಆದರೆ ಗಂಟಲು ಬೇನೆಯ ಬೆನ್ನಲ್ಲೇ ಕೀಲು ಹಿಡಿದುಕೊಂಡ ಯುವಕನೊಬ್ಬನಿಗೆ ಇದರಲ್ಲಿ ನಿಜವಾಗಿ ಬೇಕಾದದ್ದು ಮೂರು: ಇಎಸ್‌ಆರ್, ಸಿಆರ್‌ಪಿ, ಎಎಸ್‌ಒ. ಉಳಿದವು ಅವನ ವಯಸ್ಸಿಗೂ ಕಥೆಗೂ ಹೊಂದುವುದಿಲ್ಲ, ಅಥವಾ ಈ ಹಂತದಲ್ಲಿ ಏನನ್ನೂ ಹೇಳುವುದಿಲ್ಲ. ಅವನಿಗೆ ತುರ್ತಾಗಿ ಬೇಕಾದ ಎರಡು ತಪಾಸಣೆಗಳಾದರೋ, ಅಂದರೆ ಹೃದಯದ ಇಸಿಜಿ ಮತ್ತು ಎಕೋ (ಹೃದಯದ ಅಲ್ಟ್ರಾಸೌಂಡ್), ರಕ್ತದ ಪರೀಕ್ಷೆಗಳೇ ಅಲ್ಲ.

ಎಎಸ್‌ಒ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಗಂಟಲಿಗೆ ತಗಲುವ ಎ ಗುಂಪಿನ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ ಸ್ಟ್ರೆಪ್ಟೊಲೈಸಿನ್ ಒ ಎಂಬ ವಿಷವಸ್ತುವನ್ನು ಬಿಡುತ್ತದೆ, ದೇಹ ಅದರ ವಿರುದ್ಧ ಪ್ರತಿಕಾಯಗಳನ್ನು ಕಟ್ಟುತ್ತದೆ, ಆ ಪ್ರತಿಕಾಯಗಳ ಮಟ್ಟವೇ ಎಎಸ್‌ಒ. ಅದು ಸೋಂಕು ತಗಲಿ ಸುಮಾರು ಒಂದು ವಾರದ ಮೇಲೆ ಏರತೊಡಗಿ, ಮೂರರಿಂದ ಆರು ವಾರಗಳ ನಡುವೆ ಶಿಖರ ಮುಟ್ಟಿ, ನಂತರ ತಿಂಗಳುಗಟ್ಟಲೆ ನಿಧಾನವಾಗಿ ಇಳಿಯುತ್ತದೆ. ಆದ್ದರಿಂದ ಒಂದೇ ಒಂದು ಸಲ ಮಾಡಿದ ಪರೀಕ್ಷೆಯಲ್ಲಿ ಸಂಖ್ಯೆ ಹೆಚ್ಚಾಗಿದ್ದರೆ, ಈ ಬ್ಯಾಕ್ಟೀರಿಯಾ ಈಚಿನ ದಿನಗಳಲ್ಲಿ ಬಂದು ಹೋಗಿದೆ ಎಂದು ಮಾತ್ರ ತಿಳಿಯುತ್ತದೆಯೇ ಹೊರತು, ಕೀಲುನೋವು ಅದರಿಂದಲೇ ಬಂತು ಎಂದು ಸಾಬೀತಾಗುವುದಿಲ್ಲ. ಅವನ ವರದಿಯಲ್ಲಿ ಎಎಸ್‌ಒ 640 ಎಂದಿತ್ತು, ವಯಸ್ಕರಿಗೆ 200ರ ಒಳಗಿರಬೇಕೆಂದು ಪಕ್ಕದಲ್ಲಿ ಬರೆದಿತ್ತು. ಸಂಖ್ಯೆ ದಪ್ಪ ಅಕ್ಷರದಲ್ಲಿತ್ತು. ಆದರೆ ಎರಡು ಮೂರು ವಾರಗಳ ನಂತರ ಮತ್ತೊಮ್ಮೆ ಮಾಡಿಸಿ ಏರಿಳಿತ ನೋಡಬೇಕೆಂಬ ಒಂದು ಸಾಲು ವರದಿಯಲ್ಲೆಲ್ಲೂ ಇರಲಿಲ್ಲ. ನಾನು ಈ ಪ್ಯಾಕೇಜಿನ ಮೇಲೆ ಹೊರಿಸುವ ಮೊದಲ ಆಕ್ಷೇಪ ಇದು.

ಸಿಆರ್‌ಪಿ 34, ಅಂದರೆ ಹೆಚ್ಚಾಗಿಯೇ ಇತ್ತು. ಇದರ ಘಟಕ ಲೀಟರಿಗೆ ಮಿಲಿಗ್ರಾಂ ಎಂದು ಲ್ಯಾಬು ಸ್ಪಷ್ಟವಾಗಿ ಬರೆದದ್ದು ಒಳ್ಳೆಯದಾಯಿತು. ಕೆಲವು ಲ್ಯಾಬ್‌ಗಳು ಡೆಸಿಲೀಟರಿಗೆ ಮಿಲಿಗ್ರಾಂ ಎಂದು ಬರೆಯುತ್ತವೆ, ಆಗ ಅದೇ ರಕ್ತದಲ್ಲಿ ಅದೇ ಸಂಖ್ಯೆ 3.4 ಆಗುತ್ತದೆ, ಎರಡು ಲ್ಯಾಬ್‌ಗಳ ವರದಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಗಾಬರಿಯಾಗುವವರನ್ನು ನಾನು ಬಹಳ ನೋಡಿದ್ದೇನೆ. ಪ್ರಸಂಗವಶಾತ್ ಹೇಳುವುದಾದರೆ, ಈ ಸಿಆರ್‌ಪಿಯನ್ನು ಮೊದಲು ಗುರುತಿಸಿದ್ದು ನ್ಯುಮೋನಿಯಾ ರೋಗಿಗಳ ಸೀರಂನಲ್ಲಿ. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಟಿಲೆಟ್ ಮತ್ತು ಫ್ರಾನ್ಸಿಸ್ ಅದನ್ನು ವರದಿ ಮಾಡಿದರು. ಉಸಿರಾಟದ ಸೋಂಕನ್ನು ಹುಡುಕುತ್ತ ಸಿಕ್ಕ ಈ ಅಳತೆ ಇಂದು ಕೀಲುನೋವಿನ ಪ್ರತಿ ಚೀಟಿಯಲ್ಲಿಯೂ ಇರುತ್ತದೆ. ಉರಿಯೂತ ಇದೆಯೇ ಇಲ್ಲವೇ ಎಂಬುದಕ್ಕೆ ಇದು ಒಳ್ಳೆಯ ಸಾಕ್ಷಿ, ಕಾರಣ ಯಾವುದೆಂಬುದಕ್ಕೆ ಅಲ್ಲ. ಇಎಸ್‌ಆರ್ 58, ಅದೂ ಹೆಚ್ಚು. ರಕ್ತಹೀನತೆ ಇದ್ದರೂ ಇಎಸ್‌ಆರ್ ಏರುತ್ತದೆ, ಆದ್ದರಿಂದ ಪಕ್ಕದಲ್ಲಿ ಹಿಮೊಗ್ಲೋಬಿನ್ ಇಲ್ಲದೆ ಅದನ್ನು ಓದುವುದು ಕಷ್ಟ. ಎಂಟು ಪರೀಕ್ಷೆಗಳ ಈ ಪಟ್ಟಿಯಲ್ಲಿ ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಮೊದಲು ಮಾಡಬೇಕಾದ ಸಿಬಿಸಿ (ಹಿಮೊಗ್ಲೋಬಿನ್ ಮತ್ತು ರಕ್ತಕಣಗಳ ಎಣಿಕೆ) ಇಲ್ಲ ಎಂಬುದನ್ನು ನಾನು ಎರಡು ಸಲ ನೋಡಿ ಖಚಿತಪಡಿಸಿಕೊಂಡೆ. ಅದಕ್ಕೆ ಬೇಕಾದ ನೇರಳೆ ನಳಿಕೆಯಲ್ಲಿ ರಕ್ತ ಹೇಗೂ ತೆಗೆದಿದ್ದರು!

ಆರ್‌ಎ ಫ್ಯಾಕ್ಟರ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಆರೋಗ್ಯವಂತರಲ್ಲಿಯೂ ಕೆಲವರಿಗೆ ಅದು ಪಾಸಿಟಿವ್ ಬರುತ್ತದೆ, ರುಮಟಾಯ್ಡ್ ಸಂಧಿವಾತ ಇರುವವರಲ್ಲಿಯೂ ಕೆಲವರಿಗೆ ನೆಗೆಟಿವ್ ಬರುತ್ತದೆ, ಮತ್ತು ನೋವು ಶುರುವಾಗಿ ಎರಡು ವಾರವೂ ಆಗದವನಿಗೆ ಆ ಪ್ರಶ್ನೆಯನ್ನು ಕೇಳುವ ಕಾಲವೇ ಬಂದಿಲ್ಲ. ಯೂರಿಕ್ ಆಸಿಡ್ ಪರೀಕ್ಷೆ, ಅದರ ಹರಳುಗಳು ಕೀಲಿನಲ್ಲಿ ಕೂಡುವ ಗೌಟ್ ರೋಗದ್ದು. ಇಪ್ಪತ್ತಮೂರರ ಹುಡುಗನಿಗೆ ಗಂಟಲು ಬೇನೆಯ ನಂತರ ಗೌಟ್ ಬಂತೆಂದು ಯಾರೂ ಮೊದಲಿಗೆ ಎಣಿಸುವುದಿಲ್ಲ. ವಿಟಮಿನ್ ಡಿ ಕಡಿಮೆ ಎಂದು ಬಂತು, ನಮ್ಮಲ್ಲಿ ಬಹಳ ಜನರಿಗೆ ಹಾಗೆಯೇ ಬರುತ್ತದೆ. ಅದು ಮಂಡಿಯ ಊತಕ್ಕೆ ವಿವರಣೆಯಲ್ಲ.

ತೊಂದರೆ ಕೊಟ್ಟದ್ದು ಎಎನ್‌ಎ. ಅದು ಗಡಿಯ ಮೇಲೆ, ದುರ್ಬಲ ಪಾಸಿಟಿವ್ ಎಂದು ಬಂದಿತ್ತು. ಕಡಿಮೆ ಮಟ್ಟದ ಎಎನ್‌ಎ ಯಾವ ಕಾಯಿಲೆಯೂ ಇಲ್ಲದ ಎಷ್ಟೋ ಜನರಲ್ಲಿ ಕಾಣಿಸುತ್ತದೆ, ಸೋಂಕುಗಳ ನಂತರವೂ ಕಾಣಿಸಬಹುದು. ವರದಿ ಬಂದ ದಿನವೇ ಅವನ ತಾಯಿಗೆ, ಅಂದರೆ ನನ್ನ ತಂಗಿಗೆ, ಲ್ಯಾಬಿನಿಂದ ದೂರವಾಣಿ ಬಂತು. ಮಾತಾಡಿದ ಹುಡುಗಿ ಬಹಳ ವಿನಯದಿಂದ, "ಮೇಡಂ, ನಿಮ್ಮ ಮಗನ ಎಎನ್‌ಎ ಪಾಸಿಟಿವ್ ಇದೆ, ಮುಂದಿನ ಎಎನ್‌ಎ ಪ್ರೊಫೈಲ್ ಮಾಡಿಸಿದ್ರೆ ಒಳ್ಳೇದು, ಇವತ್ತೇ ಬುಕ್ ಮಾಡಿದ್ರೆ ರಿಯಾಯಿತಿ ಇದೆ" ಎಂದಳು. ನನ್ನ ತಂಗಿ ಆ ಮೂರಕ್ಷರಗಳನ್ನು ಮೊಬೈಲಿನಲ್ಲಿ ಹುಡುಕಿ, ದೇಹ ತನ್ನ ಮೇಲೆಯೇ ತಿರುಗಿಬೀಳುವ ಲೂಪಸ್ ಎಂಬ ಕಾಯಿಲೆಯ ಹೆಸರನ್ನು ಓದಿ, ಅಡುಗೆ ಬಿಟ್ಟು ನನಗೆ ಫೋನ್ ಮಾಡಿದಳು. "ಅಣ್ಣಾ, ಇದು ಜನ್ಮಪೂರ್ತಿ ಇರೋ ಕಾಯಿಲೆಯಂತಲ್ಲೋ" ಎಂದು ಅವಳು ಅಳುತ್ತಿದ್ದಾಗ, ಅದೇ ವರದಿಯಲ್ಲಿ ನಿಜವಾಗಿ ಗಮನಿಸಬೇಕಾಗಿದ್ದ ಎಎಸ್‌ಒ ಬಗ್ಗೆ ಲ್ಯಾಬಿನವರು ಒಂದು ಮಾತನ್ನೂ ಆಡಿರಲಿಲ್ಲ. ಅದಕ್ಕೆ ಮಾರುವಂತಹ ಮುಂದಿನ ಪ್ಯಾಕೇಜ್ ಇಲ್ಲದಿರುವುದು ಕಾರಣವಿರಬಹುದು ಎಂದು ನಾನು ಅನುಮಾನಿಸಿದರೆ ತಪ್ಪಾಗಲಾರದು.

ಬಡಾವಣೆಯ ವೈದ್ಯರ ಕೊಠಡಿಯಲ್ಲಿ ನಡೆದದ್ದನ್ನು ಇಲ್ಲಿ ಹೇಳುವುದು ಅಗತ್ಯ, ಏಕೆಂದರೆ ಈ ಪ್ಯಾಕೇಜಿಗೆ ಸರಿಯಾದ ಅಳತೆಗೋಲು ಅದೇ. ಅವರು ವರದಿಯನ್ನು ಮಡಚಿದಂತೆಯೇ ಮೇಜಿನ ಮೇಲಿಟ್ಟು, "ಏನಪ್ಪಾ, ಇದಕ್ಕೆ ಮುಂಚೆ ಗಂಟಲು ನೋವು, ಜ್ವರ ಏನಾದ್ರೂ ಬಂದಿತ್ತಾ?" ಎಂದು ಕೇಳಿದರು. "ಬಂದಿತ್ತು ಸರ್. ನೀರು ನುಂಗೋಕೂ ಆಗ್ತಿರಲಿಲ್ಲ. ಮೆಡಿಕಲ್‌ನಲ್ಲಿ ಮಾತ್ರೆ ತಗೊಂಡೆ, ಕಡಿಮೆಯಾದ್ಮೇಲೆ ಬಿಟ್ಬಿಟ್ಟೆ" ಎಂದ. ಮೂಗು ಸೋರುತ್ತಿತ್ತೇ, ಕೆಮ್ಮಿತ್ತೇ ಎಂಬುದು ಮುಂದಿನ ಪ್ರಶ್ನೆ, ಎರಡೂ ಇರಲಿಲ್ಲ. ಮೂಗು ಸೋರದೆ, ಕೆಮ್ಮಿಲ್ಲದೆ, ಜ್ವರದೊಂದಿಗೆ ಗಂಟಲು ನೋವು ಬಂದರೆ ವೈರಸ್ಸಿಗಿಂತ ಸ್ಟ್ರೆಪ್ಟೊಕಾಕಸ್ ಮೇಲೆ ಅನುಮಾನ ಹೆಚ್ಚು. ನಂತರ ಭೇದಿಯಾಗಿತ್ತೇ, ಮೂತ್ರ ಉರಿಯುತ್ತಿತ್ತೇ, ಕಣ್ಣು ಕೆಂಪಾಗಿತ್ತೇ ಎಂದು ಕೇಳಿದರು, ಏಕೆಂದರೆ ಕರುಳಿನ ಮತ್ತು ಮೂತ್ರನಾಳದ ಸೋಂಕುಗಳ ಬೆನ್ನಲ್ಲೂ ಕೀಲು ಊದಿಕೊಳ್ಳುವುದುಂಟು. ಮನೆಯಲ್ಲಿ, ಬೀದಿಯಲ್ಲಿ ಯಾರಿಗಾದರೂ ಚಿಕುನ್‌ಗುನ್ಯ ಬಂದಿದೆಯೇ ಎಂದೂ ಕೇಳಿದರು. 2006ರ ಹಾವಳಿಯನ್ನು ಕಂಡ ಕರ್ನಾಟಕದ ಯಾವ ವೈದ್ಯರೂ ಈ ಪ್ರಶ್ನೆಯನ್ನು ಬಿಡುವುದಿಲ್ಲ. ಮೈಮೇಲೆ ಉಂಗುರದಂತಹ ಕೆಂಪು ಗುರುತುಗಳಿವೆಯೇ, ಮೊಣಕೈ ಬಳಿ ಚರ್ಮದಡಿ ಗಂಟುಗಳಿವೆಯೇ ಎಂದು ಬಟ್ಟೆ ಸರಿಸಿ ನೋಡಿದರು. ಎದೆಗೆ ಸ್ಟೆತಸ್ಕೋಪ್ ಇಟ್ಟು, ಅವನನ್ನು ಎಡ ಮಗ್ಗುಲಿಗೆ ಹೊರಳಿಸಿ, ಬಹಳ ಹೊತ್ತು ಆಲಿಸಿದರು. ಅಲ್ಲಿಯೇ ಇಸಿಜಿ ತೆಗೆದರು, ಎಕೋ ಮಾಡಿಸಲು ಚೀಟಿ ಬರೆದರು. ವರದಿ ಬಿಚ್ಚಿದ್ದು ಇಷ್ಟೆಲ್ಲ ಆದ ಮೇಲೆ. ಎಎನ್‌ಎ ಸಾಲಿನ ಮೇಲೆ ಪೆನ್ನಿನಿಂದ ಗೆರೆ ಎಳೆದು, "ಇದನ್ನ ಮರೆತುಬಿಡಿ ತಾಯಿ" ಎಂದು ನನ್ನ ತಂಗಿಗೆ ಹೇಳಿದರು.

ಅವರ ಅನುಮಾನ ಎರಡರ ನಡುವೆ ಇತ್ತು. ಒಂದು ರುಮಟಿಕ್ ಜ್ವರ. ಇದು ಹೆಚ್ಚಾಗಿ 5ರಿಂದ 15ರ ವಯಸ್ಸಿನವರಿಗೆ, ಗಂಟಲು ಬೇನೆಯಾದ ಎರಡು ಮೂರು ವಾರಗಳ ನಂತರ ಬರುವಂಥದ್ದು. ನೋವು ಒಂದು ದೊಡ್ಡ ಕೀಲಿನಿಂದ ಇನ್ನೊಂದಕ್ಕೆ ವಲಸೆ ಹೋಗುತ್ತದೆ, ಆಸ್ಪಿರಿನ್‌ನಂತಹ ಮಾತ್ರೆಗೆ ಬೇಗ ಬಗ್ಗುತ್ತದೆ, ಆದರೆ ಹೃದಯದ ಕವಾಟಗಳನ್ನು ಶಾಶ್ವತವಾಗಿ ಕೆಡಿಸಬಲ್ಲದು. ಇನ್ನೊಂದು ಸ್ಟ್ರೆಪ್ಟೊಕಾಕಸ್ ಸೋಂಕಿನ ನಂತರದ ಪ್ರತಿಕ್ರಿಯಾತ್ಮಕ ಸಂಧಿವಾತ. ಇದು ಯುವಕರಲ್ಲಿಯೂ ಕಾಣಿಸುತ್ತದೆ, ಸೋಂಕಾದ ಹತ್ತು ದಿನಗಳ ಒಳಗೇ ಶುರುವಾಗುತ್ತದೆ, ನೋವು ಹಿಡಿದ ಜಾಗದಲ್ಲೇ ವಾರಗಟ್ಟಲೆ ಕೂತಿರುತ್ತದೆ, ನೋವಿನ ಮಾತ್ರೆಗೆ ಅಷ್ಟು ಸುಲಭವಾಗಿ ಜಗ್ಗುವುದಿಲ್ಲ, ಹೃದಯಕ್ಕೆ ತಗಲುವುದು ಅಪರೂಪ. ಎರಡನ್ನೂ ಬೇರ್ಪಡಿಸುವುದು ರಕ್ತದಿಂದ ಸಾಧ್ಯವಿಲ್ಲ, ಏಕೆಂದರೆ ಎಎಸ್‌ಒ, ಸಿಆರ್‌ಪಿ, ಇಎಸ್‌ಆರ್ ಎರಡರಲ್ಲಿಯೂ ಏರುತ್ತವೆ. ನೋವು ಎಂದು ಶುರುವಾಯಿತು, ಹೇಗೆ ಓಡಾಡಿತು, ಮಾತ್ರೆಗೆ ಹೇಗೆ ಸ್ಪಂದಿಸಿತು, ಎಕೋದಲ್ಲಿ ಕವಾಟಗಳು ಹೇಗೆ ಕಂಡವು ಎಂಬ ಪ್ರಶ್ನೆಗಳ ಮೇಲೆ ನಿರ್ಣಯ ನಿಂತಿದೆ. ಅಮೆರಿಕದ ವೈದ್ಯ ಡಕೆಟ್ ಜೋನ್ಸ್ 1944ರಲ್ಲಿ ರೂಪಿಸಿದ ರುಮಟಿಕ್ ಜ್ವರದ ಲಕ್ಷಣಪಟ್ಟಿಯನ್ನು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2015ರಲ್ಲಿ ಪರಿಷ್ಕರಿಸಿದಾಗ, ಅನುಮಾನವಿರುವ ಪ್ರತಿಯೊಬ್ಬರಿಗೂ ರಕ್ತದ ಹರಿವನ್ನೂ ತೋರಿಸುವ ಡಾಪ್ಲರ್ ಸಹಿತ ಎಕೋ ಮಾಡಬೇಕೆಂದು ಹೇಳಿತು. ರೋಗ ಹೆಚ್ಚಾಗಿರುವ ಪ್ರದೇಶಗಳಲ್ಲಿ ಒಂದೇ ಕೀಲಿನ ಉರಿಯೂತವನ್ನೂ ಊತವಿಲ್ಲದ ಬಹುಕೀಲು ನೋವನ್ನೂ ಮುಖ್ಯ ಲಕ್ಷಣವಾಗಿ ಎಣಿಸಬಹುದೆಂದಿತು. ನಮ್ಮ ದೇಶದಲ್ಲಿ ಈ ರೋಗ ಇನ್ನೂ ಹೋಗಿಲ್ಲ. ಹಾಗಾಗಿ ಇಲ್ಲಿ ಎಕೋ ಎನ್ನುವುದು ಐಚ್ಛಿಕವಲ್ಲ, ಮತ್ತು ಎಂಟು ಪರೀಕ್ಷೆಗಳ ವರದಿಯ ಕೊನೆಯಲ್ಲಿ ‘ಎಎಸ್‌ಒ ಹೆಚ್ಚಿದ್ದರೆ ಇಸಿಜಿ, ಎಕೋ ಬಗ್ಗೆ ವೈದ್ಯರನ್ನು ಕೇಳಿ’ ಎಂಬ ಸಾಲು ಇಲ್ಲದಿರುವುದನ್ನು ನಾನು ಸಣ್ಣ ಕೊರತೆಯೆಂದು ಬಿಡಲಾರೆ.

ಎಕೋ ವರದಿ ಸರಿಯಾಗಿತ್ತು, ಇಸಿಜಿಯಲ್ಲಿ ಪಿಆರ್ ಅಂತರವೂ (ಹೃದಯದ ಮೇಲಿನ ಕೋಣೆಗಳಿಂದ ಕೆಳಗಿನವಕ್ಕೆ ವಿದ್ಯುತ್ ಸಂಕೇತ ಸಾಗುವ ಹೊತ್ತು) ಮಾಮೂಲಾಗಿತ್ತು. ಅಲ್ಲಿಯವರೆಗೆ ಪ್ಯಾರಾಸಿಟಮಾಲ್ ಬಿಟ್ಟು ಬೇರೇನೂ ಬೇಡವೆಂದು ವೈದ್ಯರು ತಡೆದಿದ್ದರು. ಉರಿಯೂತ ತಗ್ಗಿಸುವ ಪ್ರಬಲ ಮಾತ್ರೆ ಮೊದಲೇ ಬಿದ್ದರೆ ನೋವಿನ ಚಲನೆ ಮರೆಯಾಗಿ ರೋಗ ಗುರುತಿಸುವುದು ಕಷ್ಟವಾಗುತ್ತದೆ. ನಂತರ ಅಂಥದೇ ಮಾತ್ರೆಯಾದ ನೆಪ್ರಾಕ್ಸೆನ್ ಕೊಟ್ಟರು, ಊತ ಇಳಿಯಲು ಸಮಯ ಹಿಡಿಯಿತು. ನೋವು ಬೇಗ ಶುರುವಾದದ್ದು, ಕದಲದೆ ನಿಂತದ್ದು, ವಯಸ್ಸು ಎಲ್ಲವನ್ನೂ ನೋಡಿ ಸಂಧಿವಾತ ತಜ್ಞರೂ ಎರಡನೆಯದೇ ಎಂದರು. ಆದರೂ ಎರಡರ ನಡುವಿನ ಗೆರೆ ಅಷ್ಟು ಸ್ಪಷ್ಟವಲ್ಲವಾದ್ದರಿಂದ, ಈ ಬ್ಯಾಕ್ಟೀರಿಯಾ ಗಂಟಲಿಗೆ ಮತ್ತೆ ತಗಲದಂತೆ ಒಂದು ವರ್ಷದವರೆಗೆ ಮೂರು ವಾರಕ್ಕೊಮ್ಮೆ ಬೆಂಜಥೀನ್ ಪೆನಿಸಿಲಿನ್ ಚುಚ್ಚುಮದ್ದು ಹಾಕಿಸಿಕೊಂಡು, ಮತ್ತೆ ಎಕೋ ಮಾಡಿಸಿ, ಕವಾಟಗಳು ಸರಿಯಿದ್ದರೆ ನಿಲ್ಲಿಸೋಣವೆಂದು ತೀರ್ಮಾನವಾಯಿತು. ಹನ್ನೆರಡು ಲಕ್ಷ ಯೂನಿಟ್ಟಿನ ಆ ಸೂಜಿ ಬಹಳ ನೋಯುತ್ತದೆ. "ಮಾವ, ಮಂಡಿ ನೋವೇ ಪರವಾಗಿರಲಿಲ್ಲ" ಎಂದು ಅವನು ಗೊಣಗಿದ್ದನ್ನು ಕೇಳಿ ನರ್ಸಮ್ಮ ನಕ್ಕರು.

ಎಎಸ್‌ಒ ಅನ್ನು ಮೂರು ವಾರಗಳ ನಂತರ ಅದೇ ಲ್ಯಾಬಿನಲ್ಲಿ, ಈ ಸಲ ಬಿಡಿಯಾಗಿ ಮಾಡಿಸಿದೆವು. ಲ್ಯಾಬ್ ಬದಲಿಸದೆ ಅಲ್ಲಿಗೇ ಹೋಗಲು ನಾನೇ ಹೇಳಿದೆ. ಹಳೆಯ ಕಾಲದ ಲೇಟೆಕ್ಸ್ ಪರೀಕ್ಷೆಯಲ್ಲಿ ಹನಿಯಲ್ಲಿ ಕಣಗಳು ಗುಂಪುಗೂಡಿದವೇ ಇಲ್ಲವೇ ಎಂದು ಕಣ್ಣಳತೆಯಲ್ಲಿ ನೋಡಿ ಪಾಸಿಟಿವ್, ನೆಗೆಟಿವ್ ಬರೆಯುತ್ತಿದ್ದೆವು. ಈ ಲ್ಯಾಬಿನವರು ಟರ್ಬಿಡಿಮೆಟ್ರಿ ಎಂಬ, ಬೆಳಕಿನ ಅಳತೆಯಿಂದ ಸಂಖ್ಯೆ ಕೊಡುವ ವಿಧಾನ ಬಳಸುತ್ತಾರೆ. ಎರಡೂ ಸಲ ವರದಿಯಲ್ಲಿ ಅದೇ ವಿಧಾನ ಮುದ್ರಿತವಾಗಿದ್ದರಿಂದ ಎರಡು ಸಂಖ್ಯೆಗಳನ್ನು ಧೈರ್ಯವಾಗಿ ಹೋಲಿಸಲು ಆಯಿತು. ಎರಡನೆಯದು ಮೊದಲಿನದಕ್ಕಿಂತ ಸಾಕಷ್ಟು ಏರಿತ್ತು, ಅಂದರೆ ಸೋಂಕು ಹಳೆಯದಲ್ಲ, ಆ ಗಂಟಲು ಬೇನೆಯದೇ. ಬಿಡಿ ಪರೀಕ್ಷೆಗೆ ಕೊಟ್ಟದ್ದು ಪ್ಯಾಕೇಜಿನ ಬೆಲೆಯ ಸಣ್ಣ ಪಾಲು.

ಈ ಪ್ಯಾಕೇಜ್ ಯಾರಿಗೆ ಸರಿ ಎಂದು ಯೋಚಿಸಿದರೆ ನನಗೆ ಯಾರೂ ಸುಲಭವಾಗಿ ಹೊಳೆಯುವುದಿಲ್ಲ. ಬೆಳಿಗ್ಗೆ ಎದ್ದಾಗ ಕೈಬೆರಳುಗಳು ಗಂಟೆಗಟ್ಟಲೆ ಬಿಗಿಯುವ, ಎರಡೂ ಕೈಗಳ ಸಣ್ಣ ಕೀಲುಗಳು ತಿಂಗಳುಗಟ್ಟಲೆ ಊದಿರುವ ಹೆಂಗಸರಿಗೆ ಆರ್‌ಎ ಫ್ಯಾಕ್ಟರ್ ಉಪಯುಕ್ತ, ಆದರೆ ಅವರಿಗೆ ಅದಕ್ಕಿಂತ ಹೆಚ್ಚು ಖಚಿತವಾದ ಆಂಟಿ ಸಿಸಿಪಿ ಎಂಬ ಪ್ರತಿಕಾಯ ಪರೀಕ್ಷೆ ಇದರಲ್ಲಿಲ್ಲ. ವಯಸ್ಸಾದವರ ಸವೆದ ಮಂಡಿಗೆ ಇದರಲ್ಲಿ ಯಾವುದೂ ಬೇಕಿಲ್ಲ. ಒಂದೇ ಕೀಲು ಕೆಂಪಗೆ ಬಿಸಿಯಾಗಿ ಊದಿ, ಜ್ವರ ಏರಿ, ಕಾಲೂರಲೂ ಆಗದಿದ್ದರೆ ಕೀಲಿನೊಳಗೇ ಕೀವು ಆಗಿರುವ ಸಾಧ್ಯತೆ ಇರುತ್ತದೆ. ಅಂಥವರು ಮನೆಗೆ ಬರುವ ಸೂಜಿಗಾಗಿ ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಕೀಲಿನ ನೀರನ್ನು ತೆಗೆದು ಪರೀಕ್ಷಿಸುತ್ತಾರೆ. ಗಂಟಲು ನೋವಿನ ನಂತರ ಕೀಲು ಹಿಡಿದ ಯುವಕರು ಮೊದಲು ವೈದ್ಯರಿಗೆ ತೋರಿಸಿ, ಅವರು ಬರೆದ ಚೀಟಿ ಹಿಡಿದು ಇದೇ ಲ್ಯಾಬಿಗೆ ಹೋಗಲಿ. ಸಿಬಿಸಿ, ಇಎಸ್‌ಆರ್, ಸಿಆರ್‌ಪಿ, ಎಎಸ್‌ಒ ಬಿಡಿಯಾಗಿ ಮಾಡಿಸಿದರೂ ಪ್ಯಾಕೇಜಿಗಿಂತ ಕಡಿಮೆಗೆ ಮುಗಿಯುತ್ತದೆ, ಉಳಿದ ಹಣ ಎಕೋಗೆ ಆಗುತ್ತದೆ.

ರಕ್ತ ತೆಗೆದ ರೀತಿಗೆ, ವರದಿಯ ಶಿಸ್ತಿಗೆ ಐದಕ್ಕೆ ಐದು. ಪ್ಯಾಕೇಜಿನ ಪಟ್ಟಿಗೆ ಐದಕ್ಕೆ ಎರಡು. ವರದಿಯ ನಂತರ ಬಂದ ಮಾರಾಟದ ಕರೆಗೆ ಸೊನ್ನೆ. ಸಿಬಿಸಿ ಸೇರಿಸಿ, ಎಎನ್‌ಎ ಮತ್ತು ಯೂರಿಕ್ ಆಸಿಡ್ ತೆಗೆದು, ಕಾಯ್ದಿರಿಸುವ ಪುಟದಲ್ಲಿ ‘ಕಳೆದ ಒಂದು ತಿಂಗಳಲ್ಲಿ ಗಂಟಲು ನೋವು ಅಥವಾ ಜ್ವರ ಬಂದಿತ್ತೇ’ ಎಂಬ ಒಂದು ಪ್ರಶ್ನೆ ಇಡಿ ಎಂದು ಲ್ಯಾಬಿಗೆ ಪತ್ರ ಬರೆದೆ. ಪ್ಯಾಕೇಜುಗಳ ವಿನ್ಯಾಸ ಕೇಂದ್ರ ಕಚೇರಿಗೆ ಸೇರಿದ್ದು, ಸಲಹೆಯನ್ನು ಅಲ್ಲಿಗೆ ಕಳಿಸಲಾಗಿದೆ ಎಂಬ ಉತ್ತರ ಬಂದಿದೆ. ಪಟ್ಟಿ ಇನ್ನೂ ಹಾಗೆಯೇ ಇದೆ.